ಮೀಸೆ ರೆಕಾರ್ಡು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಯಜಮಾನರು ನಡುವೆ ಬಾಯಿ ಹಾಕುತ್ತಾರೆ, ಅವರು ಹೇಳಲು ಕೂತರೆ ಎರಡು ತಾಸು ಬೇಕು. ಕಾಲುವೆಗೆ ನೀರು ಬಂದ ಮೊದಲ ವರ್ಷ, ಮಾನೌಮಿ, ಅಂದರೆ ಮಹಾನವಮಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ, ನಮ್ಮ ಅಂಗಡಿಯ ಎಂಬತ್ತಾರು ರೆಕಾರ್ಡುಗಳನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಕಾಲುವೆಯಲ್ಲಿ ತೊಳೆದವಳು ನಾನು, ಕರೆಮ್ಮ. ಹುಣಸಗಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ದೇವಿಂದ್ರಪ್ಪನ ಹೆಂಡತಿ.

ನಗುವವರು ನಕ್ಕುಕೊಳ್ಳಲಿ. ಮಾನೌಮಿ ಬಂತೆಂದರೆ ನಮ್ಮ ಕಡೆ ಮನೆಯಲ್ಲಿ ತೊಳೆಯದ ಸಾಮಾನು ಒಂದೂ ಉಳಿಯಬಾರದು. ಕೌದಿ, ಕಂಬಳಿ, ಡಬ್ಬಿ, ಮೊರ, ಕೊನೆಗೆ ಬಾಗಿಲು ಕೂಡ ನೀರು ಕಾಣಬೇಕು. ಅಲ್ಲಿಯವರೆಗೆ ಬಾವಿಯಿಂದ ಕೊಡ ಕೊಡ ಸೇದಿ ಹೆಂಗಸರ ರಟ್ಟೆ ಬಿದ್ದುಹೋಗುತ್ತಿತ್ತು. ಆ ವರ್ಷ ಊರ ಪಕ್ಕದಲ್ಲೇ ಕಾಲುವೆ ತುಂಬ ನೀರು, ಅದೂ ಕೇಳುವವರಿಲ್ಲದೆ ಹರಿಯುತ್ತಿತ್ತು. ನಮಗೆಲ್ಲ ಹುಚ್ಚು ಹಿಡಿದಂತಾಗಿತ್ತು. ಕಬ್ಬಿಣದ ಟ್ರಂಕು ತಂದು ಮುಳುಗಿಸಿದವರಿದ್ದರು. ಗೋಡೆ ಗಡಿಯಾರ ತಂದು ತೊಳೆದವಳೂ ಒಬ್ಬಳಿದ್ದಳು, ಹೆಸರು ಹೇಳುವುದಿಲ್ಲ, ಆಮೇಲೆ ನನ್ನ ಜೊತೆ ಜಗಳಕ್ಕೆ ಬರುತ್ತಾಳೆ.

ರೆಕಾರ್ಡುಗಳಿಗಂತೂ ಸ್ನಾನ ಬೇಕೇ ಬೇಕಿತ್ತು. ಮದುವೆ ಮನೆಯವರು ಮೈಕ್ ಸೆಟ್ಟಿಗೆ ಪೂಜೆ ಮಾಡಿ, ಅದೇ ಅರಿಶಿನ ಕುಂಕುಮದ ಕೈಯಿಂದ ರೆಕಾರ್ಡಿಗೂ ಹಚ್ಚುತ್ತಿದ್ದರು. ಬೇಡ ಎಂದರೆ ಅಪಶಕುನ. ಹಾಗಾಗಿ ಒಂದೊಂದರ ಮೇಲೂ ಹತ್ತು ಮದುವೆಗಳ ಜಿಡ್ಡು. ನಾನು ಒಂದು ದೊಡ್ಡ ಪಾತ್ರೆಯಲ್ಲಿ ಕಾಲುವೆ ನೀರು ತುಂಬಿ, ಸೋಡಾಪುಡಿ ಹಾಕಿ, ಎಲ್ಲವನ್ನೂ ನೆನೆಯಿಟ್ಟು ಕೌದಿ ಒಗೆಯಲು ಕೂತೆ. ಕೌದಿ ಮುಗಿಯುವ ಹೊತ್ತಿಗೆ ಹೊತ್ತು ನೆತ್ತಿ ದಾಟಿತ್ತು. ಬಂದು ನೋಡಿದರೆ ರೆಕಾರ್ಡುಗಳ ನಡುವಿನ ದುಂಡು ಚೀಟಿಗಳೆಲ್ಲ ಬಿಟ್ಟುಕೊಂಡು ನೀರಿನ ಮೇಲೆ ತೇಲುತ್ತಿದ್ದವು. ಕೆಂಪು, ನೀಲಿ, ಹಸಿರು. ಕೆಳಗೆ ಎಂಬತ್ತಾರು ಕರಿ ತಟ್ಟೆಗಳು, ಒಂದರ ಹಾಗೆ ಇನ್ನೊಂದು. ನಾನು ಅಲ್ಲೇ ಕಾಲುವೆ ಏರಿಯ ಮೇಲೆ ಕುಸಿದು ಕೂತುಬಿಟ್ಟೆ.

ಯಜಮಾನರು ನೋಡಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡಬಹುದಿತ್ತು. ತಣ್ಣಗೆ ಹೇಳಿದರು, "ಛಲೋ ಆತು. ಹಬ್ಬ ಆದಮ್ಯಾಲ ಏಳು ಮದಿವಿ ಅದಾವ. ತಾಳಿ ಕಟ್ಟೋ ಹೊತ್ತಿನ್ಯಾಗ ಅಳೋ ಹಾಡು ಬಂದ್ರ ನಿನ್ನ ಹೆಸರು ಹೇಳ್ತೀನಿ."

"ಹೇಳ್ರಿ. ಜೊತಿಗಿ ಮೂರು ವರ್ಷದಿಂದ ಒಂದ್ ಸಲಾನೂ ನೀವು ತೊಳದಿಲ್ಲ ಅಂತನೂ ಹೇಳ್ರಿ" ಎಂದೆ. ಅವರು ಮೂರು ದಿನ ಮಾತು ಬಿಟ್ಟರು.

ಮಾತು ಬಿಟ್ಟ ಮನೆಯಲ್ಲಿ ಕೈಗೆ ಕೆಲಸ ಬೇಕು. ನಾನು ಚೀಟಿಗಳನ್ನು ಮೊರದ ಮೇಲೆ ಒಣಗಿಸಿ, ರೆಕಾರ್ಡುಗಳನ್ನು ಒಂದೊಂದಾಗಿ ಹಳೆ ಧೋತರದಿಂದ ಒರೆಸುತ್ತ ಅಂಗಳದಲ್ಲಿ ಕೂತೆ. ಸಂಜೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ರೆಕಾರ್ಡಿನಲ್ಲಿ ಹಾಡು ಮುಗಿದ ಮೇಲೆ, ಚೀಟಿ ಶುರುವಾಗುವ ಮುಂಚೆ, ಒಂದು ಬೆರಳಗಲ ನುಣುಪು ಜಾಗ ಇರುತ್ತದೆ. ಸೂಜಿ ಅಲ್ಲಿಗೆ ಬರುವ ಹೊತ್ತಿಗೆ ಎಲ್ಲರೂ ಮುಂದಿನ ರೆಕಾರ್ಡು ಹುಡುಕುವ ಗಡಿಬಿಡಿಯಲ್ಲಿರುತ್ತಾರೆ, ಹಾಗಾಗಿ ಆ ಜಾಗವನ್ನು ಯಾರೂ ನೋಡಿರುವುದಿಲ್ಲ. ಆ ಓರೆ ಬಿಸಿಲಿನಲ್ಲಿ ನನಗೆ ಅಲ್ಲಿ ಅಂಕಿಗಳು ಕಂಡವು. ಮೊಳೆಯ ತುದಿಯಿಂದ ಯಾರೋ ಗೀಚಿದ ಹಾಗೆ, ಸಣ್ಣಗೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೆ ಅಂಕಿ ಅಂದರೆ ಅಂಕಿ. ಒಂದು ರೆಕಾರ್ಡಿನ ಅಂಕಿ ನೋಡಿ ಮೊರದ ಮೇಲಿನ ಚೀಟಿಗಳಲ್ಲಿ ಹುಡುಕಿದೆ. ಒಂದು ನೀಲಿ ಚೀಟಿಯ ಬದಿಯಲ್ಲಿ ಅದೇ ಅಂಕಿ ಅಚ್ಚಾಗಿತ್ತು. ಇನ್ನೊಂದು ರೆಕಾರ್ಡು, ಇನ್ನೊಂದು ಚೀಟಿ, ಮತ್ತೆ ಅದೇ. ಅಂಕಿಯ ಮುಂದೆ ಒಂದು ಗೀಟಿದ್ದರೆ ಒಂದನೇ ಮಗ್ಗಲು, ಎರಡು ಗೀಟಿದ್ದರೆ ಎರಡನೇ ಮಗ್ಗಲು. ಮೈದಾ ಗಂಜಿ ಕಾಯಿಸಿ ಅಂಟಿಸಲು ಶುರು ಮಾಡಿದೆ. ಒಂದೇ ಹಾಡಿನ ಎರಡು ರೆಕಾರ್ಡು ನಮ್ಮಲ್ಲಿದ್ದವು, ಒಂದು ಗಟ್ಟಿಯಾಗಿ ಹಾಡುತ್ತಿತ್ತು, ಇನ್ನೊಂದಕ್ಕೆ ನೆಗಡಿ. ಗಟ್ಟಿಯದರ ಅಂಕಿಯ ಪಕ್ಕ ಸಣ್ಣದಾಗಿ ಒಂದು, ನೆಗಡಿಯದಕ್ಕೆ ಐದು. ಒಂದೇ ಅಚ್ಚಿನಿಂದ ಮೊದಲು ತೆಗೆದದ್ದು ಯಾವುದು, ಅಚ್ಚು ಸವೆದ ಮೇಲೆ ತೆಗೆದದ್ದು ಯಾವುದು ಎಂದು ಕಂಪನಿಯವರೇ ಬರೆದಿಟ್ಟಿದ್ದರು. ಯಜಮಾನರು ಮೂರು ವರ್ಷದಿಂದ ಆ ನೆಗಡಿಗೆ ಸೂಜಿಯನ್ನು ಬೈಯುತ್ತಿದ್ದರು.

ಎರಡು ದಿನದಲ್ಲಿ ಎಂಬತ್ನಾಲ್ಕು ಮುಗಿಯಿತು. ಮೂರನೇ ದಿನ ಯಜಮಾನರು ಬಂದು ನಾಲ್ಕು ರೆಕಾರ್ಡು ಹಚ್ಚಿ ನೋಡಿ, "ಹೂಂ" ಎಂದರು. ಮಾತು ಬಿಟ್ಟವರು ಅಂದ ಮೊದಲ ಮಾತು ಅದು. ಅದೇ ಸಂಜೆ ಹೋಟೆಲಿನಲ್ಲಿ, ಚೀಟಿ ಇಲ್ಲದಿದ್ದರೂ ರೆಕಾರ್ಡು ಗುರುತಿಸುವ ಒಂದು ಉಪಾಯ ತಾವು ಕಂಡುಹಿಡಿದಿದ್ದಾಗಿ ಹೇಳಿಕೊಂಡರಂತೆ. ಇರಲಿ.

ಉಳಿದವು ಎರಡು ತಟ್ಟೆ. ಚೀಟಿಗಳೂ ಎರಡು ಜೊತೆ, ಎರಡೂ ತೆಲುಗು ಹರಿಕಥೆಯವು. ಯಜಮಾನರು ಹೈದರಾಬಾದಿನಲ್ಲಿ ಹಳೆ ರೆಕಾರ್ಡುಗಳ ಗಂಟು ತಂದಾಗ ಅದರಲ್ಲಿ ಬಂದಿದ್ದವು. ಯಾವುದೋ ಸಣ್ಣ ಕಂಪನಿ, ಈಗ ಅದು ಇಲ್ಲ. ಮುನ್ನೂರ ಹನ್ನೊಂದನೇ ನಂಬರು ಹರಿಕಥೆ ಒಂದು ಮತ್ತು ಎರಡನೇ ಭಾಗ, ಮುನ್ನೂರ ಹನ್ನೆರಡು ಮೂರು ಮತ್ತು ನಾಲ್ಕನೇ ಭಾಗ. ನಮ್ಮ ಕಡೆ ಮದುವೆಯಲ್ಲಿ ತೆಲುಗು ಹರಿಕಥೆಯ ಮೂರನೇ ಭಾಗ ಕೇಳುವವರು ಯಾರು? ತಂದಾಗಿನಿಂದ ಅದನ್ನು ಒಮ್ಮೆಯೂ ಹಚ್ಚಿರಲಿಲ್ಲ.

ಈ ಎರಡರ ಮೇಲೆ ಗೀಚಿದ್ದು ನಮ್ಮ ಅಂಕಿಯಲ್ಲ. ಉರ್ದು. ಆದರೂ ಬುದ್ಧಿ ಓಡಿಸಿದೆ. ಒಂದರಲ್ಲಿ ಎರಡನೇ ಗುರುತೂ ಮೂರನೇ ಗುರುತೂ ಒಂದೇ ರೀತಿ, ನೆಟ್ಟಗೆ ನಿಂತ ಕಡ್ಡಿ. ಅದು ಮುನ್ನೂರ ಹನ್ನೊಂದೇ ಆಗಬೇಕು, ಅಂಟಿಸಿದೆ. ಇನ್ನೊಂದರಲ್ಲಿ ಕೊನೆಯ ಗುರುತು ಗುಡಿಸಲ ಸೂರಿನ ಹಾಗೆ. ಉಳಿದದ್ದು ಒಂದೇ ತಟ್ಟೆ, ಉಳಿದ ಚೀಟಿ ಮುನ್ನೂರ ಹನ್ನೆರಡು, ಹಾಗಾದರೆ ಆ ಸೂರೇ ಎರಡು ಎಂದುಕೊಂಡು ಗಂಜಿ ಹಚ್ಚಿದೆ. ಸುಮ್ಮನಿರಬಹುದಿತ್ತು. ಆದರೆ ನನ್ನ ಸ್ವಭಾವ ಸುಮ್ಮನಿರುವುದಲ್ಲ, ರೆಕಾರ್ಡು ಹಚ್ಚುವ ಪೆಟ್ಟಿಗೆಯ ಮೇಲಿಟ್ಟು ಸೂಜಿ ಬಿಟ್ಟೆ.

ಹರಿಕಥೆ ಬರಲಿಲ್ಲ. ಹೆಂಗಸಿನ ದನಿ ಬಂತು. ಕನ್ನಡದ್ದು, ನಮ್ಮದೇ ಕಡೆಯ ಬೀಸುವ ಪದ, ತಬಲಾ ಇಲ್ಲ, ಹಾರ್ಮೋನಿಯಂ ಪೇಟಿ ಇಲ್ಲ, ಬರೀ ಗಂಟಲು.

*ಶಿರವಾಳ ದಾರ್ಯಾಗ ಸೆರಗಿಗಿ ಮುಳ್ಳತ್ತಿ*
*ತಿರುಗಿ ನಿಂತಾಳ ಸಣತಂಗಿ, ತವರೂರ*
*ಹೊಗಿ ಕಾಣತಾದ ಹೊಲದಾಚಿ*

 ಅಷ್ಟರಲ್ಲಿ ಅಂಗಡಿಯ ಹಿಂದಿನ ಗೋಡೆಯ ಆಚೆ ಏನೋ ದಬ್ಬೆಂದು ಬಿದ್ದ ಸದ್ದಾಯಿತು. ಅಲ್ಲಿ ಕುರಿಹಟ್ಟಿ, ನೆರೆಮನೆಯ ಶೇಖಮ್ಮನದು, ನಾನು ಅತ್ತಿ ಎಂದು ಕರೆಯುವವಳು. ಎರಡೇ ನಿಮಿಷಕ್ಕೆ ಅವಳು ಬಾಗಿಲಲ್ಲಿ ನಿಂತಿದ್ದಳು, ಕಾಲಿಗೆಲ್ಲ ಹಾಲು ಚೆಲ್ಲಿಕೊಂಡು.

"ಕರೆವ್ವ, ಅದು ನಂದು" ಎಂದಳು. 

ಇಲ್ಲಿ ಶೇಖಮ್ಮತ್ತಿಯ ಸಂಗತಿ ಹೇಳಬೇಕು. ಹುಣಸಗಿಯಲ್ಲಿ ಅವಳನ್ನು ಮೀಸೆ ಶೇಖಮ್ಮ ಎನ್ನುತ್ತಾರೆ. ಹದಿನೇಳು ವರ್ಷದ ಹಿಂದೆ ಅವಳ ಗಂಡ ಅಂಬ್ರಪ್ಪ ಕಂಬಳಿ ಮಾರಲು ಯಾದಗಿರಿಯಿಂದ ರೈಲು ಹತ್ತಿ ಹೈದರಾಬಾದಿಗೆ ಹೋಗುವಾಗ ಅವಳನ್ನೂ ಕರೆದೊಯ್ದಿದ್ದ. ಅಲ್ಲಿ ಕಂಬಳಿ ಅಂಗಡಿಯವನ ನೆಂಟನೊಬ್ಬ ರೆಕಾರ್ಡು ಕಂಪನಿಯವನು. ಇವಳು ಗುನುಗುವುದನ್ನು ಕೇಳಿ ಒಂದು ಕೋಣೆಯಲ್ಲಿ ಕೂರಿಸಿ ಎರಡು ಹಾಡು ಹಾಡಿಸಿಕೊಂಡ. ಆರು ತಿಂಗಳಿಗೆ ರೆಕಾರ್ಡು ಅಂಚೆಯಲ್ಲಿ ಬಂತು. ಚೀಟಿಯ ಮೇಲೆ ಅವಳ ಹೆಸರು, ಊರಿನ ಹೆಸರು. ಆಗ ಊರಲ್ಲಿ ರೆಕಾರ್ಡು ಹಚ್ಚುವ ಪೆಟ್ಟಿಗೆ ಇದ್ದದ್ದು ಬಸವಂತರಾಯರ ಮನೆಯಲ್ಲಿ ಮಾತ್ರ, ಅವರಿಗೆ ಮಾವನ ಮನೆಯವರು ಕೊಟ್ಟದ್ದು. ಅವರ ಅಂಗಳದಲ್ಲಿ ಊರೆಲ್ಲ ಸೇರಿತು. ಶೇಖಮ್ಮತ್ತಿ ಹೊಸ ಸೀರೆ ಉಟ್ಟು ಮುಂದೆ ಕೂತಿದ್ದಳು. ಸೂಜಿ ಬಿಟ್ಟರೆ ಒಬ್ಬ ಗಂಡಸು ತೆಲುಗಿನಲ್ಲಿ ಹರಿಕಥೆ ಶುರು ಮಾಡಿದ.

ಊರು ಬಿದ್ದು ಬಿದ್ದು ನಕ್ಕಿತು. "ಶೇಖಮ್ಮಗ ಹೈದ್ರಾಬಾದ್ ನೀರು ಕುಡದು ಮೀಸಿ ಬಂದಾವ" ಎಂದರು ಬಸವಂತರಾಯರು, ಅದೇ ಹೆಸರು ನಿಂತಿತು. ಅವಳು ನಾನು ಹಾಡಿದ್ದೇನೆ ಎಂದಳು, ಅಂಬ್ರಪ್ಪ ಆಣೆ ಮಾಡಿದ, ಯಾರೂ ನಂಬಲಿಲ್ಲ. ಹೆಂಡತಿಯ ಸೆರಗು ಹಿಡಿದವನು ಎಂದು ಅವನನ್ನೂ ಆಡಿಕೊಂಡರು. ರೆಕಾರ್ಡು ರಾಯರ ಮನೆಯಲ್ಲೇ ಉಳಿಯಿತು. ಮನೆಗೆ ಬೀಗರು ಬಂದರೆ, ಕಾಲುವೆ ಕೆಲಸದ ಕ್ಯಾಂಪಿನಿಂದ ಇಂಜಿನಿಯರು ಬಂದರೆ, ರಾಯರು ಅದನ್ನು ತೆಗೆದು ಹಚ್ಚಿ ನಗಿಸುತ್ತಿದ್ದರು. ಅಂಬ್ರಪ್ಪ ಸತ್ತು ನಾಲ್ಕು ವರ್ಷವಾಯಿತು. ಊರು ನಕ್ಕ ದಿನದಿಂದ ಅವಳು ಹಾಡಿಲ್ಲ, ಬೀಸುವಾಗಲೂ ಬಾಯಿ ಮುಚ್ಚಿಕೊಂಡೇ ಬೀಸಿದಳು. ಆ ಅಂಗಳಕ್ಕೆ ಕಾಲೂ ಇಟ್ಟಿಲ್ಲ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ನಾನೂ ಆ ಹೆಸರು ಹೇಳಿ ನಕ್ಕಿದ್ದೆ. ಈಗ ಆ ತಟ್ಟೆ ತಿರುಗುತ್ತಿತ್ತು, ಎದುರಿಗೆ ಅವಳು ನಿಂತು ತುಟಿ ಕಚ್ಚಿಕೊಂಡು ಅಳುತ್ತಿದ್ದಳು. ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ನನಗೆ ಏನು ಬಂದರೂ ಕೊನೆಗೆ ಸಿಟ್ಟೇ ಬರುವುದು.

"ಯತ್ತಿ, ಈಗ ಏನ್ ಮಾಡೋಣ ಹೇಳು" ಎಂದೆ.

"ಅದೇ ಅಂಗಳದಾಗ ಹಚ್ಚಬೇಕು" ಎಂದಳು ಅವಳು. "ನಕ್ಕೋರು ಎಲ್ಲಾ ಇನ್ನಾ ಅದಾರ. ಅವರು ಸಾಯೋದ್ರಾಗ ಕೇಳಬೇಕು, ನಾ ಸಾಯೋದ್ರಾಗ ಕೇಳಿಸಬೇಕು. ಅಷ್ಟೇ ನೋಡವ್ವ."

ಯಜಮಾನರಿಗೆ ಹೇಳಿದರೆ ತಲೆ ಅಲ್ಲಾಡಿಸಿದರು. "ಮುದುಕಿ ಅಂತಾಳ, ನೀ ನಂಬ್ತಿ. ಬೀಸೋ ಪದ ಯಾರ್ ಹಾಡಿದ್ರೂ ಒಂದೇ ನಮೂನಿ. ರಾಯರ ಮುಂದ ಹಚ್ಚಿದ್ರ, ಬ್ಯಾರೆ ಯಾವಾಕೀನೋ ರೆಕಾರ್ಡು ತಂದು ತನ್ನದು ಅಂತಾಳ ಅಂತ ಮತ್ತಿಷ್ಟು ನಗ್ತಾರ. ಕ್ಯಾಂಪಿನ ಮದಿವಿ ಎಲ್ಲಾ ನಮಗ ಅವರ ಮಾತಿನ ಮ್ಯಾಲೆ ಬರ್ತಾವ, ನೆಪ್ಪಿರಲಿ."

ರಾಯರು ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಹಿರಿಯ ಗುಮಾಸ್ತರು. ಅವರು ಹೇಳಿದವರ ಮೈಕ್ ಸೆಟ್ಟೇ ಕ್ಯಾಂಪಿಗೆ ಹೋಗುವುದು. ಯಜಮಾನರ ಅಂಜಿಕೆ ಸುಳ್ಳಲ್ಲ. ಆದರೆ ಅವರು ಅಂದ ಒಂದು ಮಾತು ನನ್ನ ತಲೆಯಲ್ಲಿ ಕೂತಿತು. ಬರೀ ದನಿ ಸಾಲದು, ಗುರುತು ಬೇಕು.

ಮರುದಿನ ಆ ಗುಡಿಸಲ ಸೂರನ್ನು ಅಂಗೈ ಮೇಲೆ ಬರೆದುಕೊಂಡು ಬಸ್ ಸ್ಟ್ಯಾಂಡಿನ ದರ್ಜಿ ತಿಮ್ಮಣ್ಣನ ಹತ್ತಿರ ಹೋದೆ. ಅವನು ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಕಲಿತ ಮುದುಕ. ಅಂಗೈ ನೋಡಿ, "ಇದು ಎಂಟು" ಎಂದ. ಎರಡಲ್ಲವೇ ಎಂದೆ. "ನನ್ನ ಹಲ್ಲು ಉದುರ್ಯಾವ, ಅಂಕಿ ಮರ್ತಿಲ್ಲ. ಎಂಟು" ಎಂದ. ಅಂದರೆ ನನ್ನ ಹತ್ತಿರ ಇದ್ದದ್ದು ಮುನ್ನೂರ ಹದಿನೆಂಟು, ಅದಕ್ಕೆ ಕಂಪನಿಯವರು ಮುನ್ನೂರ ಹನ್ನೆರಡರ ಚೀಟಿ ಹಾಕಿದ್ದರು. ಹಾಗಾದರೆ ಮುನ್ನೂರ ಹದಿನೆಂಟರ ಚೀಟಿ ಯಾವುದರ ಮೇಲೆ ಹೋಯಿತು? ರಾಯರ ಮನೆಯ ರೆಕಾರ್ಡಿನ ಮೇಲೆಯೇ ಇರಬೇಕು. ಇರಬೇಕು, ಅಷ್ಟೇ. ಅದನ್ನು ನಾನು ನೋಡಿರಲಿಲ್ಲ. ಇಲ್ಲದೇ ಹೋದರೆ ಶೇಖಮ್ಮತ್ತಿ ಎರಡನೇ ಸಲ ಅದೇ ಅಂಗಳದಲ್ಲಿ ನಗೆಪಾಟಲಾಗುತ್ತಾಳೆ, ಈ ಸಲ ನನ್ನ ಕೈಯಿಂದ.

ಇದನ್ನು ಅವಳಿಗೇ ಹೇಳಿದೆ. ಅವಳು ಕುರಿಮರಿಯ ಕಾಲಿಗೆ ಬೇವಿನೆಣ್ಣೆ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. "ನಿಂಗ ನಂಬರಿನ ಅಂಜಿಕಿ. ನಂಗ ಇಲ್ಲ. ನನ್ನ ದನಿ ನಂಗ ಗೊತ್ತದ" ಎಂದಳು.

ದೀಪಾವಳಿ ಕಳೆದು ರಾಯರ ಮಗಳ ಮದುವೆ ಬಂತು. ಮೈಕ್ ಸೆಟ್ಟು ನಮ್ಮದೇ. ಯಜಮಾನರು ಹೊರಡುವ ಮುಂಚೆ ನನ್ನನ್ನು ನೋಡಿ, "ಆ ತಟ್ಟಿ ರೆಕಾರ್ಡಿನ ಪೆಟ್ಟಿಗ್ಯಾಗ ಇಡಬ್ಯಾಡ" ಎಂದರು. ನಾನು ಇಡಲಿಲ್ಲ. ಸೆರಗಿನೊಳಗೆ, ಸೊಂಟಕ್ಕೆ ಕಟ್ಟಿಕೊಂಡೆ. ಇಡಬೇಡ ಎಂದದ್ದು ಪೆಟ್ಟಿಗೆಯಲ್ಲಿ.

ತಾಳಿ ಕಟ್ಟಿ, ಅಕ್ಷತೆ ಬಿದ್ದು, ಮೊದಲ ಪಂಕ್ತಿ ಊಟಕ್ಕೆ ಕೂತಿತು. ಬೇವಿನ ಮರದ ಮೇಲೆ ಎರಡು ಹಾರ್ನು, ಅಂಗಳದ ತುದಿಯಲ್ಲಿ ನಮ್ಮ ಮೇಜು. ಯಜಮಾನರು ಹಿತ್ತಲಲ್ಲಿ ಕೈ ತೊಳೆಯಲು ಹೋಗಿದ್ದರು, ಮೇಜಿನ ಹತ್ತಿರ ನಾನಿದ್ದೆ. ಆಗ ಶೇಖಮ್ಮತ್ತಿ ಬಂದಳು. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಧೂಳು. ಹದಿನೇಳು ವರ್ಷದ ಮೇಲೆ ಆ ಅಂಗಳಕ್ಕೆ ಕಾಲಿಟ್ಟು, ಕಂಬಕ್ಕೆ ಒರಗಿ ಕೂತಳು. ಕೆಲವರು ಒಬ್ಬರನ್ನೊಬ್ಬರು ತಿವಿದರು.

ರಾಯರು ಅವಳನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ಆದರೆ ನಗಿಸುವ ಚಟ ಇದ್ದವರಿಗೆ ಯಾರ ಮೇಲೆ ನಗಿಸುತ್ತಿದ್ದೇವೆ ಎಂಬುದು ಕಾಣುವುದಿಲ್ಲ. ಒಳಗೆ ಹೋಗಿ ಆ ರೆಕಾರ್ಡು ತಂದರು, ಮೈಕು ಹಿಡಿದರು. ಶಹಾಪುರದ ಬೀಗರಿಗೆ ಮೀಸೆಯ ಕಥೆಯನ್ನು ಮೊದಲಿನಿಂದ ಹೇಳಿದರು. "ಈಗ ನಮ್ಮೂರ ಕೋಗಿಲಿ ಹಾಡು ಕೇಳ್ರಿ. ಹಾಡಿದಾಕಿ ಇಲ್ಲೇ ಕುಂತಾಳ, ನಗಬಾರ್ದು ಮತ್ತ" ಎಂದು ರೆಕಾರ್ಡನ್ನು ನನ್ನ ಕೈಗೆ ಕೊಟ್ಟರು. ಪಂಕ್ತಿಯಲ್ಲಿ ನಗು ಶುರುವಾಗಿತ್ತು.

ನಾನು ಚೀಟಿ ನೋಡಿದೆ. ಶೇಖಮ್ಮ, ಹುಣಸಗಿ. ಬದಿಯಲ್ಲಿ ಸಣ್ಣದಾಗಿ ಮುನ್ನೂರ ಹದಿನೆಂಟು.  ಬಿಸಿಲಿಗೆ ಓರೆ ಹಿಡಿದೆ. ನುಣುಪು ಜಾಗದಲ್ಲಿ ಅದೇ ಕೈಬರಹ, ಅದೇ ಮೊದಲೆರಡು ಗುರುತು. ಮೂರನೆಯದು ಸೂರಲ್ಲ, ಸಣ್ಣ ಕುಡುಗೋಲು.

"ರಾಯರ, ಹಚ್ಚೋದಕ್ಕ ಮುಂಚೆ ಒಂದ್ ಮಾತು" ಎಂದೆ. ಮೈಕು ಅವರ ಕೈಯಲ್ಲೇ ಇತ್ತು, ನನ್ನ ದನಿ ಬೇವಿನ ಮರದಿಂದ ಊರಿಗೆಲ್ಲ ಹೋಯಿತು. "ಇಲ್ಲಿ ಉರ್ದುದಾಗ ಏನೋ ಗೀಚ್ಯಾರ. ನಂಗ ತಿಳೀವಲ್ದು. ನೀವು ಉರ್ದು ಕಲ್ತವರು, ಓದ್ತೀರೇನ್ರಿ."

ಬೀಗರ ಮುಂದೆ ಉರ್ದು ಓದುವುದೆಂದರೆ ರಾಯರಿಗೆ ಸಕ್ಕರೆ ತಿಂದಂತೆ. ಕನ್ನಡಕ ಏರಿಸಿ, ತಟ್ಟೆ ತಿರುಗಿಸಿ, ಮೈಕಿನಲ್ಲೇ ಓದಿದರು. "ತೀನ್ ಸೌ ಬಾರಾ. ಮುನ್ನೂರಾ ಹನ್ನೆರಡು. ಇದರಾಗೇನು ತಿಳೀಲಾರ್ದದು?"

"ಚೀಟಿ ಮ್ಯಾಲ ಏನದ್ರಿ?"

ಅವರು ಚೀಟಿ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. ಪಕ್ಕದಲ್ಲಿ ವರನ ತಂದೆ ಚಂದ್ರಾಮಪ್ಪ ಕೂತಿದ್ದರು, ಶಹಾಪುರದ ಹೆಡ್ ಮಾಸ್ತರರು. ಬಗ್ಗಿ ನೋಡಿ, ಪಾಠ ಓದಿಸುವ ದನಿಯಲ್ಲಿ, "ಮುನ್ನೂರಾ ಹದಿನೆಂಟು ಅದಲ್ರಿ ಬೀಗರ. ನಂಬರು ಕೂಡವಲ್ದಲ್ಲ" ಎಂದರು.

ನಾನು ಸೆರಗಿನಿಂದ ನನ್ನ ತಟ್ಟೆ ತೆಗೆದೆ. ಹಿತ್ತಲಿನಿಂದ ಯಜಮಾನರು ಒದ್ದೆ ಕೈಯಲ್ಲೇ ಓಡಿ ಬರುವುದು ಕಂಡಿತು. ಮೊದಲು ಚೀಟಿಯನ್ನು ಮಾಸ್ತರರಿಗೆ ತೋರಿಸಿದೆ. "ತೆಲುಗು ಹರಿಕಥಿ, ಮುನ್ನೂರಾ ಹನ್ನೆರಡು" ಎಂದು ಅವರು ಗಟ್ಟಿಯಾಗಿ ಓದಿದರು. ಆಮೇಲೆ ರಾಯರ ಕೈಗೆ ಕೊಟ್ಟೆ. "ಇದರ ಮ್ಯಾಲ ಗೀಚಿದ್ದೂ ಓದ್ರಿ."

ಯಜಮಾನರು ಮೇಜಿನ ಹತ್ತಿರ ಬಂದು, "ಮೈಕ್ ಬಂದ್ ಮಾಡು" ಎಂದರು, ಹಲ್ಲು ಕಚ್ಚಿ. ನಾನು ಬಟನ್ನಿನ ಮೇಲೆ ಅಂಗೈ ಇಟ್ಟು ನಿಂತೆ. ರಾಯರು ತಟ್ಟೆಯನ್ನು ಬಿಸಿಲಿಗೆ ಹಿಡಿದರು. ಈ ಸಲ ಬೇಗ ಓದಲಿಲ್ಲ. ಗುಮಾಸ್ತಿಕೆ ಮಾಡಿದ ಮನುಷ್ಯ, ಏನು ಓದಲಿದ್ದೇನೆಂದು ಓದುವ ಮೊದಲೇ ಅವರಿಗೆ ಹೊಳೆದಿರಬೇಕು. ಬೇಕಿದ್ದರೆ ಕಾಣುತ್ತಿಲ್ಲ ಎಂದು ಕೊಟ್ಟುಬಿಡಬಹುದಿತ್ತು. 

"ತೀನ್ ಸೌ ಅಠಾರಾ" ಎಂದರು ರಾಯರು. ಆಮೇಲೆ ಕನ್ನಡದಲ್ಲಿ, "ಮುನ್ನೂರಾ ಹದಿನೆಂಟು." ಕನ್ನಡಕ ತೆಗೆದರು. "ಕಚೇರ್ಯಾಗ ಎರಡು ಫೈಲಿನ ಹೊದಿಕಿ ಅದಲಬದಲ ಆದಂಗ ಆಗ್ಯಾದ. ಶೇಖಮ್ಮನ ಚೀಟಿ ಹರಿಕಥಿಗಿ ಹೋಗ್ಯಾದ, ಹರಿಕಥಿ ಚೀಟಿ ಶೇಖಮ್ಮಗ ಬಂದದ."

ಪಂಕ್ತಿಯಲ್ಲಿ ಎಲೆಯ ಮೇಲಿನ ಕೈಗಳು ನಿಂತವು. ಹಿಂದಿನಿಂದ ಯಾರೋ, "ನಂಬರು ಸೈ. ದನಿ ಈಕೀದೇ ಅಂತ ಹೆಂಗ ತಿಳೀಬೇಕು?" ಎಂದರು.

ರಾಯರು ಕಂಬದ ಕಡೆ ನಡೆದರು. "ಶೇಖಮ್ಮ, ಹದಿನೇಳು ವರ್ಷ ನಾ ನಿನಗ…" ಎಂದು ಶುರು ಮಾಡಿದರು.

"ಅದು ಆಮ್ಯಾಲ ಮಾತಾಡಮು ರಾಯರ" ಎಂದಳು ಅವಳು. "ಮೊದಲ ಹಚ್ರಿ."

ಸೂಜಿಯನ್ನು ರಾಯರೇ ಬಿಟ್ಟರು. ಮೊದಲು ಕರಕರ ಎಂದಿತು. ಆಮೇಲೆ ಬೇವಿನ ಮರದ ಎರಡೂ ಹಾರ್ನಿನಿಂದ ಆ ದನಿ ಬಂತು, ಮೂವತ್ತೈದರ ಹೆಂಗಸಿನ ದನಿ, ತುಂಬಿದ್ದು, ಅಂಜಿಕೆ ಇಲ್ಲದ್ದು. *ಶಿರವಾಳ ದಾರ್ಯಾಗ ಸೆರಗಿಗಿ ಮುಳ್ಳತ್ತಿ.* ಸಾಲಿನ ಕೊನೆಯಲ್ಲಿ ದನಿ ಒಂದು ಗೇಣು ಮೇಲೇರಿ ಅಲ್ಲೇ ಮುರಿದು ಇಳಿಯುತ್ತಿತ್ತು. ಶೇಖಮ್ಮತ್ತಿ ಮೊದಲ ನುಡಿಯನ್ನು ಕಣ್ಣು ಮುಚ್ಚಿ ಕೇಳಿದಳು. ಎರಡನೇ ನುಡಿಗೆ ಎದ್ದು ನಿಂತಳು, ಹಾಡತೊಡಗಿದಳು.

ಅವಳ ಗಂಟಲು ಈಗ ಒಡೆದಿತ್ತು. ಹಾರ್ನಿನಲ್ಲಿ ಎಳೆಯ ದನಿ, ಕಂಬದ ಹತ್ತಿರ ಮುದಿ ದನಿ. ಆದರೆ ಏರುವ ಜಾಗ ಒಂದೇ, ಮುರಿಯುವ ಜಾಗ ಒಂದೇ, ಉಸಿರು ತೆಗೆದುಕೊಳ್ಳುವ ಜಾಗವೂ ಒಂದೇ.  ಬಡಿಸುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ಕೂತರು. ನನಗೆ ಕಣ್ಣೀರು ಬಂತು, ಬರಲಿ ಎಂದು ಬಿಟ್ಟೆ. ಜೀವನದಲ್ಲಿ ನಾನು ಗೆದ್ದೆ ಎಂದು ಅನ್ನಿಸಿದ್ದು ಅವತ್ತು, ಅದೂ ನನ್ನ ತಪ್ಪಿನಿಂದ.

ಮೂರು ನುಡಿಗೆ ರೆಕಾರ್ಡು ಮುಗಿಯಿತು. ಸೂಜಿ ನುಣುಪು ಜಾಗಕ್ಕೆ ಬಂದು ಸರ್ರ ಸರ್ರ ಎಂದು ಸುತ್ತತೊಡಗಿತು. ಜನ ಚಪ್ಪಾಳೆಗೆ ಕೈ ಎತ್ತಿದರು. ಶೇಖಮ್ಮತ್ತಿ ನಿಲ್ಲಿಸಲಿಲ್ಲ. ನಾಲ್ಕನೇ ನುಡಿಗೆ ಹೋದಳು, ಐದಕ್ಕೆ ಹೋದಳು. ಕಂಪನಿಯವನು ಮೂರು ನಿಮಿಷಕ್ಕೆ ಸಾಕು ಎಂದು ಕೈ ಎತ್ತಿದ್ದನಂತೆ, ಹಾಡು ಇದ್ದದ್ದು ಹದಿನಾಲ್ಕು ನುಡಿ. ಯಜಮಾನರು ಸೂಜಿ ಎತ್ತಿದರು. ನನ್ನನ್ನು ನೋಡಲಿಲ್ಲ, ಮೇಜಿನ ಮೇಲಿನ ಮೈಕನ್ನು ತಂತಿಸಮೇತ ಎಳೆದುಕೊಂಡು ಹೋಗಿ ಅವಳ ಬಾಯಿಯ ಮುಂದೆ ಹಿಡಿದು ನಿಂತರು. ಸಾರು ತಣ್ಣಗಾಯಿತು, ಪಂಕ್ತಿಯಲ್ಲಿ ಒಬ್ಬರೂ ಏಳಲಿಲ್ಲ. ಹದಿನೇಳು ವರ್ಷ ಬಾಯಿ ಮುಚ್ಚಿಕೊಂಡು ಬೀಸಿದವಳು ಹದಿನಾಲ್ಕನ್ನೂ ಹಾಡಿದಳು, ಒಂದು ಸಾಲನ್ನೂ ಮರೆತಿರಲಿಲ್ಲ.